ಝೂಲದ ಕೆಳಗಿನ ಹುಣ್ಣು

೧೯೪೦ರ ಕಾರಹುಣ್ಣಿಮೆ ಮುಗಿದು ಹದಿನೈದು ದಿನವಾಗಿತ್ತು. ಆಡೂರಿನ ಕರಬಸಪ್ಪನ ಬಲಗಡೆಯ ಎತ್ತು ಮಾತ್ರ ಇನ್ನೂ ಹೆಗಲು, ಬೆನ್ನು ಮುಚ್ಚುವ ಹಬ್ಬದ ಝೂಲ ಹೊದ್ದುಕೊಂಡೇ ಚಕ್ಕಡಿ ಎಳೆಯುತ್ತಿತ್ತು. ಕೇಳಿದವರಿಗೆಲ್ಲ, ಹೆಂಡತಿ ಸುಶೀಲವ್ವನಿಗೂ, ಅವನದು ಒಂದೇ ಉತ್ತರ: "ಹರಕಿ ಐತಿ."

ಝೂಲದ ಕೆಳಗೆ, ನೊಗ ಕೂಡುವಲ್ಲಿ, ಅಂಗೈಯಗಲ ಹುಣ್ಣಿತ್ತು. ಹಬ್ಬದ ಹಿಂದಿನ ದಿನ ಅದನ್ನು ಮೊದಲು ಕಂಡವನು ಹಾನಗಲ್ಲಿನ ದನದ ದವಾಖಾನೆಯಲ್ಲಿ ಮದ್ದು ಹಚ್ಚುವ ಚನ್ನವೀರಪ್ಪ.

"ಕರಬಸಣ್ಣಾ, ಹುಣ್ಣಾದ ಎತ್ತು ಹೂಡೂದು ಗುನ್ಹೆ. ಕಾಯ್ದೆ ಬಂದು ಐವತ್ತು ವರ್ಷ ಆತು. ಪೊಲೀಸ ಹಿಡದ್ರ ದಂಡ ಬೀಳತೈತಿ."

"ಸೋಮವಾರ ನಾವು ಎತ್ತು ಹೂಡಂಗಿಲ್ಲ, ಪೂಜಿ ಮಾಡ್ತೇವಿ. ನಿಮ್ಮ ಸರಕಾರ ಎಂದರ ಎತ್ತಿನ ಪೂಜಿ ಮಾಡೇತೇನು?"

"ಉಳದ ಆರು ದಿನದ ಮಾತು ಹೇಳಾಕತ್ತೇನಿ."

ಮರುದಿನ ಹಬ್ಬಕ್ಕೆ ಹೊದಿಸಿದ ಝೂಲವನ್ನು ಕರಬಸಪ್ಪ ಮತ್ತೆ ತೆಗೆಯಲಿಲ್ಲ.

ಸಂತೆಯ ದಿನ ಹಾನಗಲ್ಲ ಪೇಟೆಯಲ್ಲಿ ಕರಬಸಪ್ಪ ಎತ್ತು ಬಿಚ್ಚಿದ. ಅನ್ನವ್ವ ಎಂಬ ಮುದುಕಿ ಬಂದು ಎತ್ತಿನ ಕಾಲಿಗೆ ನೀರು ಹಾಕಿ, ಝೂಲದೊಳಗೆ ಕೈ ತೂರಿಸಿ ಹೆಗಲಿಗೆ ವಿಭೂತಿ ಒತ್ತಿದಳು. ಎತ್ತು ಮೊಣಕಾಲೂರಿ ಕುಸಿಯಿತು.

"ನೋಡ್ರಿ, ಬಸವಣ್ಣ ನನಗ ಮಂಡಿ ಊರಿದ!"

ಪೇಟೆಯೆಲ್ಲ ಕೈ ಮುಗಿಯಿತು. ಸಂತೆ ಕಾಯಲು ಬಂದಿದ್ದ ಪೊಲೀಸನೂ ಮುಗಿದ. ಬೇರೆ ದಾರಿಯಿಲ್ಲದೆ ಕರಬಸಪ್ಪನೂ ಮುಗಿದ.

ಉಳಿದ ವಿಭೂತಿಯನ್ನು ಹಣೆಗೆ ಹಚ್ಚಿಕೊಳ್ಳಲು ಅನ್ನವ್ವ ಕೈ ಎತ್ತಿದಳು. ಬೆರಳಿಗೆಲ್ಲ ಕೀವು, ನೆತ್ತರು. ಆ ಕೈಯನ್ನು ಕರಬಸಪ್ಪನ ಮುಂದೆ ಹಿಡಿದಳು.

"ಯಪ್ಪಾ, ಇದಕ್ಕ ದಿನಾ ಕೈ ಮುಗೀತೀ ಏನ?"

ಪೊಲೀಸ ಕರಬಸಪ್ಪನ ಹೆಸರು ಬರೆದುಕೊಂಡ. ಎತ್ತು ದವಾಖಾನೆಗೆ ಹೋಯಿತು.

"ಇನ್ನೆಂಟು ದಿನ ತಡ ಆಗಿದ್ರ ಎತ್ತು ಉಳೀತಿರಲಿಲ್ಲ. ಹುಣ್ಣು ಮಾಯೂತನಕ ನೊಗ ಬ್ಯಾಡ" ಎಂದ ಚನ್ನವೀರಪ್ಪ.

"ಬರಿ ಚಕ್ಕಡಿ ಮನೀಗೆ ಹೆಂಗ ಒಯ್ಯಲಿ?"

"ನಿನಗೂ ಹೆಗಲು ಐತೆಲ್ಲೋ ಮಾರಾಯಾ."

ಎಡಗಡೆಯ ಎತ್ತಿನ ಜೊತೆಗೆ ಕರಬಸಪ್ಪ ತಾನೇ ನೊಗ ಹೊತ್ತ. ಆಡೂರು ಅಷ್ಟು ದೂರವೆಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ.

"ಹೆಗಲಿಗೆ ಏನಾತ್ರೀ?" ಎಂದಳು ಬಾಗಿಲಲ್ಲಿ ಸುಶೀಲವ್ವ.

ಅವನು ಥಟ್ಟನೆ ಶಾಲು ಎಳೆದುಕೊಂಡ. ಎಳೆದುಕೊಂಡದ್ದಕ್ಕೇ ನಾಚಿ, ಮೆಲ್ಲಗೆ ತೆಗೆದ. ತೊಗಲು ಸುಲಿದಿತ್ತು.

"ನೋಡು. ಝೂಲದ ಕೆಳಗೂ ಇದ ಇತ್ತು. ಹರಕಿ ಅಂತ ಸುಳ್ಳು ಹೇಳಿದೆ."

ಸುಶೀಲವ್ವ ಚಕ್ಕಡಿಯಲ್ಲಿದ್ದ ಝೂಲ ತೆಗೆದು ಮಡಿಸಿ ಪೆಟ್ಟಿಗೆಗೆ ಹಾಕಿದಳು.

ರೈತ ಬಂಧುಗಳೇ, ಗಾಯಗೊಂಡ, ಕುಂಟುವ ಪ್ರಾಣಿಯನ್ನು ದುಡಿಸುವುದು ಅಪರಾಧ. ನಾಳೆ ನೊಗ ಏರಿಸುವ ಮೊದಲು ಎತ್ತಿನ ಹೆಗಲ ಮೇಲೆ ನಿಮ್ಮ ಕೈ ಇಡಿರಿ. ಅದು ಬೆಚ್ಚಿದರೆ ಹೂಡಬೇಡಿರಿ, ದವಾಖಾನೆಗೆ ಕರೆದೊಯ್ಯಿರಿ. ಪೊಲೀಸ ಝೂಲ ಎತ್ತಿ ನೋಡಲಿಕ್ಕಿಲ್ಲ, ನೀವು ನೋಡಿರಿ.