ಕಡಲಂಚಿನ ಹನ್ನೊಂದನೆಯ ಕುಳಿ

ಭಾವನಿಗೆ ಸುಲಭದ ಮೈದಾನವೆಂದರೆ ಅಸಡ್ಡೆ. ರಜೆ ಬಂತೆಂದರೆ ಕಡಲ ಬದಿಯಲ್ಲಿ ಯಾವ ಸಾರ್ವಜನಿಕ ಗಾಲ್ಫ್ ಮೈದಾನ ಜನರ ಚೆಂಡುಗಳನ್ನು ಹೆಚ್ಚು ನುಂಗುತ್ತದೋ ಅದನ್ನೇ ಹುಡುಕಿ ಹೊರಡುತ್ತಿದ್ದ. ಕ್ರೇನುಗಳನ್ನು ಬಾಡಿಗೆಗೆ ಕೊಡುವವನು. ತಾನು ಎತ್ತಲಾರದ ಭಾರ ಈ ಭೂಮಿಯ ಮೇಲಿಲ್ಲ ಎಂಬ ಠೀವಿ, ಮೂಗಿನ ತುದಿಯಲ್ಲೇ ಕೋಪ. ಜೊತೆಗೆ ಹೆಂಡತಿಯನ್ನೂ ಹೆಂಡತಿಯ ತಮ್ಮನನ್ನೂ ಕರೆದೊಯ್ಯುತ್ತಿದ್ದ. ಹೆಂಡತಿ ಸುಟ್ಟಗಾಯದ ವಾರ್ಡಿನಲ್ಲಿ ನರ್ಸು. ತಮ್ಮನದು ಔಷಧದಂಗಡಿ. ಭಾವ ಅವನಿಗಿಟ್ಟ ಹೆಸರು ಬೆಣ್ಣೆ.

ತಂದೆ ತಾಯಿ ಒಟ್ಟಿಗೇ ತೀರಿಕೊಂಡಾಗ ಬೆಣ್ಣೆಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅಕ್ಕ ಮದುವೆಯಾದ ಮನೆಗೇ ಬಂದು ಬೆಳೆದ. ಭಾವ ಹೊಟ್ಟೆಗೆ ಕಡಿಮೆ ಮಾಡಲಿಲ್ಲ, ಓದಿಸಿದ, ಅಂಗಡಿ ಇಡಿಸಿದ. ಬೆಲ್ಟಿನಿಂದಲೂ ಹೊಡೆದ. ಲೋಟ ಒಡೆದರೆ ಒಂದು, ಮುಖ ಎತ್ತಿ ನೋಡಿದರೆ ಎರಡು. ಅಕ್ಕ ಅಡ್ಡ ಬಂದರೆ ಅವಳಿಗೂ ಬೀಳುತ್ತಿತ್ತು, ಹಾಗಾಗಿ ಅವಳು ಅಡ್ಡ ಬರದಿರಲಿ ಎಂದು ಹುಡುಗ ಬಾಯಿಗೆ ಅಂಗಿಯ ಕೊರಳುಪಟ್ಟಿ ತುರುಕಿಕೊಂಡು ಏಟು ತಿನ್ನುವುದನ್ನು ಕಲಿತ. ದೊಡ್ಡವನಾದ ಮೇಲೆ ಬೆಲ್ಟು ನಿಂತಿತು. ಆದರೆ ತಲೆಯ ಹಿಂಭಾಗಕ್ಕೆ ಪಟ್ಟೆಂದು ಒಂದು ಬಾರಿಸುವ ಅಭ್ಯಾಸ ಮಾತ್ರ ಹೋಗಲಿಲ್ಲ. ಬೆಣ್ಣೆಯ ಕಿವಿಯ ಮೇಲೆ ನರೆ ಬಂದರೂ, ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರೂ, ಆ ಏಟು ಬೀಳುತ್ತಿತ್ತು. ಬೆಣ್ಣೆ ನಗುತ್ತಿದ್ದ. ಭಾವ ಯಾರ ಮೇಲಾದರೂ ಕಾಲು ಕೆರೆದು ಜಗಳಕ್ಕೆ ಹೋದರೆ ಅವನ ಪರವಾಗಿ ಕೈ ಮುಗಿದು ಬರುತ್ತಿದ್ದವನೂ ಇವನೇ.

ಆ ಬಾರಿ ಹೋದ ಮೈದಾನ ಬಂಡೆಗಳ ನೆತ್ತಿಯ ಮೇಲಿತ್ತು. ಗಾಳಿ ಹುಲ್ಲನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಹನ್ನೊಂದನೆಯ ಕುಳಿಗೆ ಈಚೆ ಬಂಡೆಯಿಂದ ಹೊಡೆದ ಚೆಂಡು ನಡುವಿನ ಕಂದಕವನ್ನು ದಾಟಿ ಆಚೆಯ ದಿಬ್ಬದ ಮೇಲೆ ಬೀಳಬೇಕು. ಕಂದಕದ ತಳದಲ್ಲಿ ಕಡಲು ಒಳನುಗ್ಗಿ ಬಂಡೆಗೆ ಅಪ್ಪಳಿಸಿ, ಬಿಳಿ ನೊರೆಯನ್ನು ಮೇಲಿನವರೆಗೂ ಉಗುಳುತ್ತಿತ್ತು.

ಅಕ್ಕನ ಚೆಂಡು ದಾಟಿತು. ಬೆಣ್ಣೆಯದೂ ದಾಟಿತು. ಭಾವನದು ನೀರಿಗೆ ಬಿತ್ತು. ಇನ್ನೊಂದು ಹೊಡೆದ, ಅದೂ ನೀರಿಗೆ. ಮತ್ತೊಂದು ಇಟ್ಟ.

"ಗಾಳಿ ಗುದ್ದಿ ಮೈ ನೋಯಿಸ್ಕೊಬೇಡಿ ಭಾವ. ಆಚೆ ಹೋಗಿ ಅಲ್ಲಿಂದ ಆಡೋಣ," ಎಂದ ಬೆಣ್ಣೆ.

ತಲೆಯ ಹಿಂದೆ ಏಟು ಬಿತ್ತು. ಈ ಸಲ ಪಟ್ಟೆಂದಲ್ಲ, ಕಿವಿ ಗುಂಯ್ ಎನ್ನುವಷ್ಟು. "ನನಗೆ ಆಟ ಹೇಳ್ಕೊಡ್ತೀಯಾ ನೀನು?"

ಹಿಂದೆ ಒಬ್ಬ ಕೆಂಪು ಟೋಪಿಯವನು ಮಗಳ ಜೊತೆ ತಮ್ಮ ಸರದಿಗಾಗಿ ಕಾಯುತ್ತಿದ್ದ. ಭಾರಿ ಆಳು, ಕುತ್ತಿಗೆಯೇ ಇಲ್ಲದಂತೆ ಹೆಗಲ ಮೇಲೆ ತಲೆ. "ನೀರಿಗೆ ಹಾಕೋದೇ ಆದ್ರೆ ಚೀಲಾನೇ ಎಸೆದ್ಬಿಡಿ ಯಜಮಾನ್ರೆ, ಬೇಗ ಮುಗಿಯುತ್ತೆ," ಎಂದ. ಮಗಳು ಅವನ ತೋಳು ಎಳೆದಳು. ಏಟು ತಿಂದ ಬೆಣ್ಣೆಯ ಮುಖವನ್ನು ಅವಳು ನೋಡಿದ್ದಳು. ಅವಳು ಕಣ್ಣು ಬೇರೆಡೆ ತಿರುಗಿಸಿದ್ದು ಬೆಣ್ಣೆಗೆ ಏಟಿಗಿಂತ ಹೆಚ್ಚು ಉರಿಯಿತು.

ಭಾವ ಅವರಿಗೆ ದಾರಿ ಬಿಡಲಿಲ್ಲ. ಬೇಕೆಂದೇ ನಿಧಾನವಾಗಿ ಕೈಗವಸು ತೆಗೆದು, ಮತ್ತೆ ಹಾಕಿ, ಇನ್ನೆರಡು ಚೆಂಡು ಕಡಲಿಗೆ ಒಪ್ಪಿಸಿ, ಕೊನೆಗೆ ಕಂದಕದ ಸುತ್ತಿನ ದಾರಿ ಹಿಡಿದ.

ಆಚೆಯ ದಿಬ್ಬದಲ್ಲಿ ಅಕ್ಕ ಬಗ್ಗಿ ಕುಳಿಯಿಂದ ತನ್ನ ಚೆಂಡು ತೆಗೆಯುತ್ತಿದ್ದಳು. ಚೆಂಡು ಬರುತ್ತಿದೆಯೆಂದು ಹಿಂದಿನಿಂದ ಯಾರೂ ಕೂಗಿ ಎಚ್ಚರಿಸಲಿಲ್ಲ. ಗಾಳಿಯನ್ನು ಏನೋ ಸೀಳಿದಂತಾಯಿತು, ಒಣಗಿದ ಕೊಂಬೆ ಮುರಿದ ಸದ್ದು ಬಂತು. ಅಕ್ಕ ಹುಲ್ಲಿನ ಮೇಲೆ ಕೂತಳು. ಕಂದಕದ ಆ ಬದಿಯಿಂದ ಹಾರಿಬಂದ ಚೆಂಡು ಅವಳ ಕೊರಳ ಬುಡದ ಹೆಗಲ ಮೂಳೆಗೆ ಬಡಿದಿತ್ತು. ಮೂಳೆ ಒಳಗಿನಿಂದ ಚರ್ಮವನ್ನು ಎತ್ತಿ ಹಿಡಿದಿತ್ತು.

"ಮುರಿದಿದೆ," ಎಂದಳು ಅವಳು, ವಾರ್ಡಿನಲ್ಲಿ ಬೇರೆ ಯಾರ ಬಗ್ಗೆಯೋ ಹೇಳುವ ಧ್ವನಿಯಲ್ಲಿ. "ಮುಟ್ಟಬೇಡ ಕಣೋ."

ಕೆಂಪು ಟೋಪಿಯವನು ಸಣ್ಣ ಗಾಡಿಯಲ್ಲಿ ಬಂದಿಳಿದ. ಅವನ ಮುಖದಲ್ಲಿ ಗಾಬರಿ ಇತ್ತು. ಭಾವ ತನ್ನತ್ತ ಓಡಿ ಬರುವುದನ್ನು ಕಂಡು ಅದನ್ನು ನುಂಗಿಕೊಂಡ. "ದಾರಿ ಬಿಡದೆ ನಿಂತ್ರೆ ಇನ್ನೇನಾಗುತ್ತೆ?" ಎಂದ.

ಭಾವ ಅವನ ಕೊರಳಪಟ್ಟಿಗೆ ಕೈ ಹಾಕಿದ. ಮಾತಿಗೆ ಮಾತು ಬೆಳೆಯಲಿಕ್ಕೂ ಸಮಯ ಸಿಗಲಿಲ್ಲ. ಆ ಮನುಷ್ಯ ಹಣೆಯಿಂದಲೇ ಭಾವನ ಮೂಗಿಗೆ ಗುದ್ದಿದ. ಮೂಗು ಚಪ್ಪಟೆಯಾಗಿ ಒಂದು ಕಡೆಗೆ ಹೋಯಿತು. ಭಾವ ಬಿದ್ದ. ಬಿದ್ದವನ ಪಕ್ಕೆಗೆ ಅಡಿಯಲ್ಲಿ ಮುಳ್ಳುಮೊಳೆಯಿದ್ದ ಆಟದ ಬೂಟು ಒದೆಯಿತು, ಮತ್ತೆ ಒದೆಯಿತು. ಜನ್ಮವಿಡೀ ಬೇರೆಯವರನ್ನು ಹೊಡೆದ ಭಾವ ಮಂಡಿ ಎದೆಗೆ ಸೇರಿಸಿಕೊಂಡು, ಕೈಯಿಂದ ತಲೆ ಮುಚ್ಚಿಕೊಂಡು, "ಬೇಡ, ಬೇಡ" ಅನ್ನುತ್ತಿದ್ದ. ಹಾಗೆ ಮಲಗುವುದು ಹೇಗೆಂದು ಬೆಣ್ಣೆಗೆ ಚೆನ್ನಾಗಿ ಗೊತ್ತಿತ್ತು.

ಬೆಣ್ಣೆಯ ಕೈಯಲ್ಲಿ ಪಟರ್ ಇತ್ತು. ಚೆಂಡನ್ನು ಮೆಲ್ಲಗೆ ಕುಳಿಗೆ ತಳ್ಳುವ ಗಾಲ್ಫ್ ಕ್ಲಬ್ಬು, ಕೋಲಿನ ತುದಿಯಲ್ಲಿ ಅಂಗೈಯಷ್ಟು ಕಬ್ಬಿಣ. ಅದನ್ನು ಎರಡೂ ಕೈಯಲ್ಲಿ ಎತ್ತಿ ಅವನು ಆ ಮನುಷ್ಯನ ಮಂಡಿಯ ಪಕ್ಕಕ್ಕೆ ಹೊಡೆದ. ಮಂಡಿ ಮಡಚಬಾರದ ಕಡೆಗೆ ಮಡಚಿತು. ಕೆಂಪು ಟೋಪಿ ಗಾಳಿಗೆ ಹಾರಿ ಕಂದಕ ಸೇರಿತು.

ಜಗಳ ಅಲ್ಲಿಗೇ ಮುಗಿದಿತ್ತು. ಬಿದ್ದವನು ಒಂದು ಕೈ ಎತ್ತಿ ಅಡ್ಡ ಹಿಡಿದಿದ್ದ. ಬೆಣ್ಣೆ ಆ ಕೈಗೆ ಹೊಡೆದ. ಮೊಣಕೈ ಪುಡಿಯಾದದ್ದು ಹಿಡಿಕೆಯ ಮೂಲಕ ಅವನ ಅಂಗೈಗೆ ತಿಳಿಯಿತು. ಮತ್ತೆ ಹೊಡೆದ. ಹೆಗಲಿಗೆ, ಪಕ್ಕೆಗೆ, ಮತ್ತೆ ಅದೇ ಮೊಣಕೈಗೆ. "ಅಪ್ಪಾ" ಎಂದು ಮಗಳು ಓಡಿಬಂದು ಬೆಣ್ಣೆಯ ಬೆನ್ನಿಗೆ ಜೋತುಬಿದ್ದಳು. ಅವಳನ್ನು ನೊಣದಂತೆ ಕೊಡವಿದ. ಅವನ ಕಣ್ಣು ಮಾತ್ರ ಹೊಡೆತ ತಿನ್ನುವವನ ಮೇಲಿರಲಿಲ್ಲ. ಆಚೆ ಹುಲ್ಲಿನಲ್ಲಿ ರಕ್ತದ ಮುಖ ಎತ್ತಿ ಕೂತಿದ್ದ ಭಾವನನ್ನೇ ನೋಡುತ್ತ ನೋಡುತ್ತ ಅವನು ಕ್ಲಬ್ಬು ಎತ್ತುತ್ತಿದ್ದ, ಇಳಿಸುತ್ತಿದ್ದ. ಭಾವ ಕೂತಲ್ಲಿಂದಲೇ ಹಿಂದೆ ಹಿಂದೆ ಸರಿಯುತ್ತಿದ್ದ.

ಒಂದು ತೋಳು ಜೋತಾಡಿಸಿಕೊಂಡು ಅಕ್ಕ ನಡುವೆ ಬಂದು ನಿಂತಳು. ಕ್ಲಬ್ಬು ಮೇಲಿತ್ತು. ಅವಳು ತಲೆ ತಗ್ಗಿಸಲಿಲ್ಲ, ಕೂಗಲೂ ಇಲ್ಲ.

"ಸಾಕು ಪುಟ್ಟಾ."

ಪುಟ್ಟ ಎಂದು ಅವಳು ಅವನನ್ನು ಕರೆದು ಎಷ್ಟೋ ಕಾಲವಾಗಿತ್ತು. ಕೈ ಇಳಿಸುವುದು ಅವನಿಗೆ ಸುಲಭವಾಗಲಿಲ್ಲ. ಒಂದು ಗಳಿಗೆ ಅವಳೂ ಕೇವಲ ಒಂದು ಅಡ್ಡಿಯಾಗಿ ಕಂಡಿದ್ದಳು. ಅದನ್ನು ಅವಳು ಅವನ ಮುಖದಲ್ಲಿ ಓದಿಕೊಂಡಳು. ಆಮೇಲೆ ಮಂಡಿಯೂರಿ, ಉಳಿದ ಒಂದೇ ಕೈಯಿಂದ ಆ ಮನುಷ್ಯನ ರಕ್ತ ಸುರಿಯುತ್ತಿದ್ದ ಗಾಯ ಒತ್ತಿ ಹಿಡಿದಳು. "ನಿನ್ನ ದುಪಟ್ಟಾ ಕೊಡು ತಾಯಿ, ಗಟ್ಟಿಯಾಗಿ ಕಟ್ಟು," ಎಂದು ಅವನ ಮಗಳಿಗೆ ಹೇಳಿದಳು. ಪೊಲೀಸರು ಬರುವವರೆಗೂ ಬೆಣ್ಣೆ ಅಲ್ಲೇ ನಿಂತಿದ್ದ. ಕೇಳಿದಾಗ ಪಟರನ್ನು ಹಿಡಿಕೆಯ ಕಡೆಯಿಂದ ಅವರಿಗೆ ಕೊಟ್ಟ.

ಆ ಮನುಷ್ಯ ಬದುಕಿದ. ಕುಂಟುತ್ತ ನಡೆಯುವಂತೆಯೂ ಆದ. ಬಡಗಿ ಅವನು, ಬಲಗೈ ಮಾತ್ರ ಮತ್ತೆ ಮಡಚಲಿಲ್ಲ. ನ್ಯಾಯಾಲಯದಲ್ಲಿ ಮಗಳು ಅಳದೆ ಹೇಳಿದಳು: "ಕೂಗದೆ ಚೆಂಡು ಹೊಡೆದಿದ್ದು ನಮ್ಮಪ್ಪನ ತಪ್ಪು. ಆ ಅಜ್ಜನ್ನ ಒದ್ದಿದ್ದೂ ತಪ್ಪು. ಇವರು ಮಂಡಿಗೆ ಹೊಡೆದಿದ್ದನ್ನೂ ನಾನು ಒಪ್ಕೋತೀನಿ. ಅದಾದ್ಮೇಲೆ ಯಾಕೆ ಹೊಡೆದ್ರು ಅಂತ ಕೇಳಿ."

ಅಕ್ಕನನ್ನು ಕಾಪಾಡಲು ಎಂದು ಹೇಳುವಂತೆ ವಕೀಲರು ಕಲಿಸಿದ್ದರು. ಬೆಣ್ಣೆ ಬಾಯಿ ಬಿಡಲಿಲ್ಲ. ಜೈಲಾಯಿತು.

ಅಕ್ಕ ನೋಡಲು ಬಂದಾಗ ಅದನ್ನೇ ಕೇಳಿದಳು. "ಮೊದಲ್ನೇ ಏಟು ನಮಗೋಸ್ಕರ. ಉಳಿದಿದ್ದು ಯಾರಿಗೆ ಹೊಡೆದೆ?"

"ನಿನಗೆ ಗೊತ್ತಲ್ಲ."

"ನಿನ್ನ ಬಾಯಿಂದ ಕೇಳ್ಬೇಕು."

"ಭಾವಂಗೆ."

ಅಕ್ಕ ಅಂದಳು, "ಬಡಗಿ ಮನೇಗೆ ಹೋಗಿದ್ದೆ. ಎಡಗೈಲಿ ಅನ್ನ ಕಲಸ್ಕೊಂಡು ತಿಂತಾನೆ. ನಿಮ್ಮ ಭಾವನ ಪಾಲಿನ ಏಟು ಅವನು ತಿಂದ. ಅದಕ್ಕೆ ನಾನು ನಿನ್ನನ್ನ ಕ್ಷಮಿಸಕ್ಕಾಗಲ್ಲ. ನೀನು ಏಟು ತಿನ್ನೋವಾಗ ನಾನು ಪಕ್ಕದ ಕೋಣೆಲಿ ಬಟ್ಟೆ ಮಡಿಸ್ತಾ ಇರ್ತಿದ್ದೆ. ಅದಕ್ಕೆ ನನ್ನನ್ನೂ ಕ್ಷಮಿಸ್ಕೊಳಕ್ಕಾಗಲ್ಲ." ಅವಳು ಆಗಲೇ ಭಾವನ ಮನೆ ಬಿಟ್ಟು ಆಸ್ಪತ್ರೆಯ ವಸತಿಗೆ ಹೋಗಿದ್ದಳು.

ಬೆಣ್ಣೆ ಹೊರಬಂದು ಅಂಗಡಿ ಮತ್ತೆ ತೆರೆದ ಕೆಲವು ವಾರಗಳಿಗೆ ಭಾವ ಬಂದ. ಮೂಗು ಸೊಟ್ಟಗಾಗಿತ್ತು, ಅಂಗಿ ಇಸ್ತ್ರಿ ಕಂಡಿರಲಿಲ್ಲ. ಗಲ್ಲಾ ದಾಟಿ ಒಳಗೆ ಬರದೆ, ಗಿರಾಕಿಗಳು ನಿಲ್ಲುವ ಕಡೆಯೇ ನಿಂತ.

"ಊಟ ಆಯ್ತೇನೋ?" ಎಂದ.

"ಆಯ್ತು."

"ಅವತ್ತು ನೀನು ನನ್ನನ್ನ ನೋಡ್ಕೊಂಡೇ ಹೊಡೀತಿದ್ದೆ. ಪೊಲೀಸ್ರಿಗೆ ನಾನು ಹೇಳ್ಲಿಲ್ಲ."

"ಗೊತ್ತು ಭಾವ."

"ಸಿಟ್ಟು ಇಳೀತಾ?"

ಬೆಣ್ಣೆ ಮಾತ್ರೆಯ ಡಬ್ಬಿಗಳನ್ನು ಕಪಾಟಿನಲ್ಲಿ ಜೋಡಿಸುವುದನ್ನು ನಿಲ್ಲಿಸಿದ. ಸುಳ್ಳು ಹೇಳಿ ಮುದುಕನನ್ನು ಕಳಿಸಿಬಿಡಬಹುದಿತ್ತು. ಇಷ್ಟು ವರ್ಷ ಮಾಡಿದ್ದು ಅದನ್ನೇ.

"ಇಳೀಲಿಲ್ಲ. ಮೊದಲು ಹೊಡೆಯೋದು ಹೇಗಿರುತ್ತೆ ಅಂತ ಗೊತ್ತಿರ್ಲಿಲ್ಲ, ಅದಕ್ಕೆ ತಡ್ಕೊಂಡಿದ್ದೆ. ಈಗ ಗೊತ್ತಾಗಿದೆ. ನನಗೆ ಹಿಡಿಸ್ತು ಭಾವ. ಅದೇ ನನಗೆ ಭಯ. ಏನಾದ್ರೂ ಔಷಧ ಬೇಕಿದ್ರೆ ಫೋನ್ ಮಾಡಿ, ಮನೆಗೆ ಕಳಿಸ್ತೀನಿ. ನೀವು ಮಾತ್ರ ಇಲ್ಲಿಗೆ ಬರಬೇಡಿ."

ಭಾವ ಏನೋ ಹೇಳಲು ಕೈ ಎತ್ತಿದ, ಹಳೆಯ ಅಭ್ಯಾಸ. ಬೆಣ್ಣೆಯ ಕಣ್ಣು ಆ ಕೈಯ ಮೇಲೆ ನಿಂತದ್ದನ್ನು ಕಂಡು ಅದನ್ನು ಜೇಬಿಗೆ ಇಳಿಸಿದ. ಮೆಟ್ಟಿಲ ಬಳಿ ತಡೆದು ನಿಂತು, ಚಪ್ಪಲಿ ಸರಿಮಾಡಿಕೊಂಡು, ರಸ್ತೆಗಿಳಿದು ಹೋದ. ಬಾಗಿಲಲ್ಲಿ ಕಾಯುತ್ತಿದ್ದ ಹೆಂಗಸು ಒಳಗೆ ಬಂದು ಮಗುವಿನ ಕೆಮ್ಮಿಗೆ ಏನಾದರೂ ಕೊಡಿ ಎಂದಳು.