ತಿರುವಿ ಹಾಕಿದ ತಂತಿ

ಕೊಟ್ಟೂರಿನ ಹತ್ತಿ ಮಿಲ್ಲಿನ ಬೆಲ್ಟಿಗೆ ಸಿಕ್ಕು ಹೈದರಸಾಬನ ಎಡಗೈಯ ಎರಡು ಬೆರಳು ಹೋದವು. ಊರಿಗೆ ಅದು ಬರೀ ಎಡಗೈ, ಅವನಿಗೆ ಗಿಟಾರಿನ ತಂತಿ ಒತ್ತುವ ಕೈ. ಹಡಗಲಿಯಿಂದ ಕೂಡ್ಲಿಗಿವರೆಗೆ ಮರುಳಪ್ಪನ ಆರ್ಕೆಸ್ಟ್ರಾ ಹೋದ ಮದುವೆಗಳಲ್ಲೆಲ್ಲ ಅವನದೇ ಗಿಟಾರು.

"ಇನ್ನ ಬಲಗೈಲೆ ಒತ್ತತೀನಿ, ಎಡಗೈಲೆ ಮೀಟ್ತೀನಿ. ಗಿಟಾರ ತಿರುವಿದ್ರಾತು," ಅಂದ. ಮರುಳಪ್ಪ ಒಳ್ಳೆಯವನು. ಮದುವೆ ದಿನಗಳು ಶುರುವಾಗೋತನಕ ನಿನ್ನ ಜಾಗ ನಿನಗೇ ಅಂದ.

ಹೈದರಸಾಬ ಮೊದಲು ತಂತಿಗಳನ್ನು ಅದಲುಬದಲು ಮಾಡಿದ. ದಪ್ಪ ತಂತಿ ಸಣ್ಣದರ ಕಚ್ಚಿನಲ್ಲಿ ಕೂರಲೊಲ್ಲದು, ಸಣ್ಣದು ದಪ್ಪದರ ಕಚ್ಚಿನಲ್ಲಿ ಬಿದ್ದು ಗಿರಗಿರ ಅನ್ನುವುದು. ತಂತಿ ಕೂರುವ ಆ ಎಲುಬಿನ ಪಟ್ಟಿಯನ್ನೇ ಕಿತ್ತ. ಎಮ್ಮೆಯ ಕೊಂಬು ಉಜ್ಜಿ ಹೊಸ ಪಟ್ಟಿ ಮಾಡಿ, ಅರದಿಂದ ಕಚ್ಚು ಕೊರೆದ. ಹೆಗಲ ಬೆಲ್ಟು ಸಿಕ್ಕಿಸುವ ಗುಂಡಿಯನ್ನು ಆಚೆ ಬದಿಗೆ ಹಾಕಿದ. ಗಿಟಾರು ಮಾತು ಕೇಳಿತು, ಬೆರಳು ಕೇಳಲಿಲ್ಲ. ಮಿಲ್ಲಿನಲ್ಲಿ ನಟ್ಟು ಬಿಗಿಯುವ ಪಾನಾ ತಿರುವಿ ತಿರುವಿ ಕಟ್ಟಿಗೆಯಾದ ಬಲಗೈ ಬೆರಳಿಗೆ ಐವತ್ತರಲ್ಲಿ ಹೊಸ ಪಾಠ ಯಾರು ಹೇಳಬೇಕು? ಒಂದೇ ಪಲ್ಲವಿ ದಿನವೂ ಅದೇ ಜಾಗದಲ್ಲಿ ಮುಗ್ಗರಿಸುತ್ತಿತ್ತು.

ಒಳಗಿಂದ ಹೆಂಡತಿ ಜೈತುನ್ ಬೀ ಚಹಾ ತರುವಳು, ಬಲಗೈಯಲ್ಲಿ, ಬಸಿಗೆ ಒಂದಿಷ್ಟು ಚೆಲ್ಲಿ. ಹುಟ್ಟಾ ಎಡಚಿ ಅವಳು. ಮದುವೆಯಾದ ಹೊಸದರಲ್ಲಿ ನೆಂಟರಿಗೆ ಎಡಗೈಲಿ ಅನ್ನ ಬಡಿಸಿದಳೆಂದು ಹೈದರಸಾಬ ಎಲ್ಲರೆದುರಿಗೆ ಸೌಟಿನ ಹಿಡಿಯಿಂದ ಆ ಕೈಗೆ ಬಾರಿಸಿದ್ದ. ಅಂದಿನಿಂದ ಆ ಕೈ ಸೆರಗಿನೊಳಗೇ ಉಳಿಯಿತು.

ಮದುವೆ ದಿನಗಳು ಹತ್ತಿರ ಬಂದಾಗ ಮರುಳಪ್ಪ ಬಂದು ಕೂತು ಕೇಳಿದ. ಪಲ್ಲವಿ ಅಲ್ಲೇ ಮುಗ್ಗರಿಸಿತು.

"ಒಂದೀಟು ಸುಧಾರಿಸ್ಕೊ ಸಾಬಣ್ಣ," ಅಂದ ಮರುಳಪ್ಪ, ಮುಖ ನೋಡದೆ. "ಈ ಸಲ ಹರಪನಹಳ್ಳಿ ಹುಡುಗನ್ನ ಕರ್ಕೊಂಡು ಹೊಕ್ಕೀನಿ."

ಹೈದರಸಾಬನಿಗೆ ಸಿಟ್ಟೂ ಬರಲಿಲ್ಲ. ಸಾಕಾಗಿತ್ತು, ಅಷ್ಟೇ. ಗಿಟಾರನ್ನು ಗೋಡೆಗೆ ಒರಗಿಸಿ, ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಒಳಗೆ ತಂತಿ ನುಡಿಯಿತು. ಒಂದೇ ತಂತಿಯ ಮೇಲೆ, ತಡಕಾಡುತ್ತ, ಅದೇ ಪಲ್ಲವಿ. ಮುಗ್ಗರಿಸುವ ಜಾಗ ಬಂತು, ದಾಟಿತು. ಹೈದರಸಾಬ ಎದ್ದು ಬಾಗಿಲಿಗೆ ಬಂದ.

ಗಿಟಾರು ಒರೆಸಲೆಂದು ಅವಳು ತಂದ ಬಟ್ಟೆ ನೆಲದಲ್ಲಿ ಬಿದ್ದಿತ್ತು. ಜೈತುನ್ ಬೀ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಗಿಟಾರು ಅವಳ ತೊಡೆಯ ಮೇಲೆ ಆರಾಮಾಗಿ ಕೂತಿತ್ತು. ಸೆರಗಿನಿಂದ ಹೊರಬಂದ ಎಡಗೈ ತಂತಿ ಮೀಟುತ್ತಿತ್ತು, ಒಂಚೂರೂ ನಡುಗದೆ.

ಗಂಡನನ್ನು ಕಂಡವಳೇ ಬೆಚ್ಚಿದಳು. ಎಡಗೈಯನ್ನು ಸರಕ್ಕನೆ ಸೆರಗಿನೊಳಗೆ ಎಳೆದುಕೊಂಡು, ಗಿಟಾರನ್ನು ಬಲಗೈಗೆ ತಿರುವಲು ಹೋದಳು. ಹೈದರಸಾಬನಿಗೆ ಆ ಸೌಟು ನೆನಪಾಯಿತು.

"ತಿರುವಬ್ಯಾಡ," ಅಂದ. "ಅದು ಎಡಗೈಗೇ ಮಾಡಿದ್ದೈತಿ."

ಅವಳು ಕೈ ಹೊರಗೆ ತೆಗೆಯಲು ಬಹಳ ಹೊತ್ತು ಹಿಡಿಯಿತು. ಅವನು ಅಲ್ಲಿಯತನಕ ಬಾಗಿಲಲ್ಲೇ ನಿಂತಿದ್ದ.