ಫ್ಯಾನು ಆರಿಸಿದ ಕೋಣೆ

“ತಲೆ ಕಡೆ ಎತ್ರಿ... ಇನ್ನೂ ಎತ್ರಿ! ಗೋಡೆಗೆ ತಾಗ್ತಿದೆ!”

ಮೆಟ್ಟಿಲ ತಿರುವಿನಲ್ಲಿ ಅಮ್ಮನ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಮುಂದೆ ಹೆಗಲು ಕೊಟ್ಟಿದ್ದ ಮಗನ ಕಿವಿಗೆ ಮರದ ಅಂಚು ಒತ್ತುತ್ತಿತ್ತು. ಹಿಂದೆ ಗಾರೆಯಣ್ಣ. ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಅಮ್ಮನ ಪಕ್ಕದ ಮೇಜಿನವನು. ಅಗೆದು ತೆಗೆದ ಪಳೆಯುಳಿಕೆಗಳಿಗೆ ಗಾರೆಯ ಕಟ್ಟು ಹಾಕಿ ಹಾಕಿ ಅವನಿಗೆ ಆ ಹೆಸರೇ ಅಂಟಿತ್ತು.

“ಓರೆ ಮಾಡು ಮಗಾ. ಡೈನೋಸಾರ್ ತೊಡೆಮೂಳೆ ಇಳಿಸೋವಾಗ್ಲೂ ಹೀಗೇ ಮಾಡ್ತೀವಿ. ಅದರ ಮುಂದೆ ಇವಳು ಹತ್ತಿ.”

“ಬಾಯಿಗೆ ಬೀಗ ಹಾಕ್ಕೋ ಪುಣ್ಯಾತ್ಮ,” ಎಂದು ಮೇಲಿನಿಂದ ಚಿಕ್ಕಮ್ಮ ಗದರಿದಳು. ಅಳುವಿನ ನಡುವೆ ಅವಳಿಗೂ ನಗು ಬಂತು.

ಪೆಟ್ಟಿಗೆ ತಿರುಗಿತು. ಮಗನಿಗೆ ನಗು ಬರಲಿಲ್ಲ. ಬೆಳಗಿನಿಂದ ತಲೆಯಲ್ಲಿ ಒಂದೇ ಮಾತು ಗುಂಯ್‌ಗುಡುತ್ತಿತ್ತು. ಸಂಗ್ರಹಾಲಯದ ನಿರ್ದೇಶಕ ಬರುತ್ತಾನೆ. ಅಮ್ಮನನ್ನು ಕೊಂದದ್ದು ನೆಲಮಾಳಿಗೆಯ ಧೂಳು ಅಂತ ಅವನ ಬಾಯಿಂದಲೇ, ಎಲ್ಲರೆದುರು ಹೇಳಿಸಬೇಕು. ಹೇಳದೆ ಒಂದು ಹಿಡಿ ಮಣ್ಣು ಮುಟ್ಟಲೂ ಬಿಡಬಾರದು.

*

ಶಾಲೆ ಬಿಟ್ಟು ಗ್ಯಾರೇಜು ಸೇರಿದ ವರ್ಷ ಒಮ್ಮೆ ಅವನು ಅಮ್ಮನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದ. ಅವಳು ಮಸೂರದ ಕೆಳಗೆ ಸೂಜಿಯಿಂದ ಕಲ್ಲು ಕೆರೆಯುತ್ತಿದ್ದಳು. ಕಲ್ಲಿನೊಳಗೆ ಮೊಟ್ಟೆಗಳ ಮೇಲೆ ಕಾವಿಗೆ ಕೂತ ಪ್ರಾಣಿ. ಏಳು ಕೋಟಿ ವರ್ಷದ ಹಿಂದೆ ಮರಳು ಕುಸಿದಾಗಲೂ ಅದು ಎದ್ದಿರಲಿಲ್ಲ. ಅಮ್ಮ ಒಂದು ಚೂರು ಕೆರೆಯುವಳು, ಉಫ್ ಎಂದು ಊದುವಳು, ಎದ್ದ ಧೂಳಿನಲ್ಲೇ ಉಸಿರೆಳೆದುಕೊಳ್ಳುವಳು. ಧೂಳೆಳೆಯುವ ಫ್ಯಾನು ಗೋಡೆಯಲ್ಲಿ ಸುಮ್ಮನೆ ನಿಂತಿತ್ತು.

“ಫ್ಯಾನ್ ಯಾಕಮ್ಮಾ ಹಾಕಿಲ್ಲ?”

“ದರಿದ್ರದ್ದು ಕಣೋ ಅದು. ಧೂಳಿನ ಜೊತೆ ಮೊಟ್ಟೆ ಚಿಪ್ಪನ್ನೂ ಎಳ್ಕೊಂಡ್ಬಿಡುತ್ತೆ. ಈರುಳ್ಳಿ ಸಿಪ್ಪೆ ಥರ ಇದೆ ನೋಡು. ಹೋದ್ರೆ ಮತ್ತೆ ಬರುತ್ತಾ?”

“ನಿನ್ನ ಎದೆ ಹೋದ್ರೆ ಬರುತ್ತಾ?”

“ಹೊಸದು ಕೇಳಿದೀವಿ. ತರಿಸ್ತಾರೆ ಬಿಡು. ಡಬ್ಬಿ ಅಲ್ಲಿಡು, ಇವಳ ತೋಳಿನ ಕೆಳಗೆ ಇನ್ನೊಂದು ಮೊಟ್ಟೆ ಇರೋ ಹಾಗಿದೆ.”

ಹೊಸ ಫ್ಯಾನು ಬರಲಿಲ್ಲ. ಬಂದದ್ದು, ಒಡೆಯದೆಯೇ ಕಲ್ಲಿನ ಒಳಗನ್ನು ನೋಡುವ ದೊಡ್ಡ ಯಂತ್ರ. ಮೊಟ್ಟೆಯಲ್ಲಿ ಮುದುರಿ ಮಲಗಿದ್ದ ಮರಿಯ ಎಲುಬುಗಳನ್ನು ಅದು ತೋರಿಸಿದಾಗ ಲೋಕವೇ ಬಾಯಿಬಿಟ್ಟು ನೋಡಿತು. ಅಮ್ಮ ನೋಡಿದ್ದು ಆಸ್ಪತ್ರೆಯ ಟೀವಿಯಲ್ಲಿ, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು.

“ಎಷ್ಟು ಚೆನ್ನಾಗಿ ಮಲಗಿದೆ ನೋಡೋ,” ಎಂದಳು.

ಮಗ ಟೀವಿ ಆರಿಸಿದ.

*

“ನಮ್ಮ ಸಂಸ್ಥೆಗೆ ತುಂಬಲಾರದ ನಷ್ಟ,” ಎಂದ ನಿರ್ದೇಶಕ, ಗುಂಡಿಯ ಅಂಚಿನಲ್ಲಿ ಹೂವಿಟ್ಟು.

ಮಗ ಅಡ್ಡ ನಿಂತ. “ಅಮ್ಮ ಯಾತರಿಂದ ಸತ್ಲು ಸಾರ್?”

“ನ್ಯುಮೋನಿಯಾ ಅಂತ ಡಾಕ್ಟರು...”

“ಧೂಳು ಅನ್ನಿ.”

“ದುಃಖದಲ್ಲಿದ್ದೀರಿ. ಇನ್ನೊಂದಿನ ಕೂತು ಮಾತಾಡೋಣ.”

“ಇವತ್ತೇ ಹೇಳಿ. ಅವಳೆದುರಿಗೆ ಹೇಳಿ.”

ನಿರ್ದೇಶಕ ದನಿ ತಗ್ಗಿಸಿದ. “ನೋಡಪ್ಪಾ, ಕೋಣೆಯಲ್ಲಿ ಫ್ಯಾನ್ ಇತ್ತು. ನಿಮ್ಮ ತಾಯಿನೇ ಅದನ್ನ ಆರಿಸಿಡ್ತಿದ್ರು. ಸಂಸ್ಥೆ ಏನು ಮಾಡೋಕಾಗುತ್ತೆ?”

ಮಗನ ಕೈ ಮುಷ್ಟಿಯಾಯಿತು. ಮಾತು ಸುಳ್ಳಲ್ಲ, ಅದೇ ಉರಿ.

“ನಾವೆಲ್ರೂ ಆರಿಸ್ತೀವಿ ಸಾರ್.” ಗಾರೆಯಣ್ಣ ಮುಂದೆ ಬಂದಿದ್ದ. “ಇವತ್ತಿಗೂ. ಹಾಕಿದ್ರೆ ಚಿಪ್ಪು ಹೋಗುತ್ತೆ, ನೀವು ಬೈತೀರಿ. ಆರಿಸಿದ್ರೆ ನಾವು ಹೋಗ್ತೀವಿ, ನೀವು ಹೂ ತರ್ತೀರಿ.”

“ಸೋಮವಾರ ನನ್ನ ರೂಮಿಗೆ ಬನ್ನಿ ನೀವು.”

“ಬರ್ತೀನಿ. ಧೂಳೇ ಸಾರ್ ಇವಳನ್ನ...”

ಕೆಮ್ಮು ಅವನನ್ನು ಮಂಡಿಗೆ ಬಗ್ಗಿಸಿತು. ಬಾವಿಗೆ ಕಬ್ಬಿಣದ ಸರಪಳಿ ಇಳಿಬಿಟ್ಟಂಥ ಕೆಮ್ಮು. ಮಗನಿಗೆ ಅದರ ಗುರುತು ಹೇಳಿಕೊಡಬೇಕಿರಲಿಲ್ಲ. ಎಷ್ಟೋ ವರ್ಷ ಪಕ್ಕದ ಕೋಣೆಯಿಂದ ಕೇಳಿದ್ದ. ಗಾರೆಯಣ್ಣನ ಬೆನ್ನಿಗೆ ಎರಡೂ ಕೈ ಕೊಟ್ಟ. ಅಷ್ಟರಲ್ಲಿ ನಿರ್ದೇಶಕ ಒಂದು ಹಿಡಿ ಮಣ್ಣನ್ನು ಗುಂಡಿಗೆಸೆದು, ಕರವಸ್ತ್ರದಲ್ಲಿ ಬೆರಳೊರೆಸಿಕೊಂಡು ಕಾರಿನತ್ತ ನಡೆದಾಗಿತ್ತು.

ನೆಲಮಾಳಿಗೆಯವರ ಸರದಿ ಬಂತು. ನಾಲ್ಕಾರು ಜನ ಬಗ್ಗಿ ಮಣ್ಣು ತೆಗೆದುಕೊಂಡರು. ಯಾರೂ ಎಸೆಯಲಿಲ್ಲ. ಮಣ್ಣನ್ನು ನೋಡದೆ ಬಿಟ್ಟು ಅಭ್ಯಾಸವಿಲ್ಲದ ಕೈಗಳು ಅವು. ಹೆಂಟೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಪುಡಿಮಾಡಿ, ಅಂಗೈ ಬೆಳಕಿಗೆ ವಾಲಿಸಿ, ಕಾಳುಕಾಳಾಗಿ ನೋಡತೊಡಗಿದರು. ಗಾರೆಯಣ್ಣ ಒಂದು ಬಿಳಿ ಹರಳನ್ನು ಉಗುರಿನಿಂದ ಬೇರೆ ಮಾಡಿ, ಕಣ್ಣಿನ ಹತ್ತಿರ ಹಿಡಿದ.

“ಬೇಗ ಬೇಗ ಹಾಕ್ರಪ್ಪಾ,” ಎಂದ ಗುಂಡಿ ತೋಡಿದವನು, ಸಲಿಕೆಗೆ ಕೈ ಹಾಕುತ್ತ. “ನಂಗೆ ಇನ್ನೊಂದು ಮುಚ್ಚೋದಿದೆ.”

ಮಗ ಸಲಿಕೆಯ ಮೇಲೆ ಕಾಲಿಟ್ಟು ನಿಂತ.